ಇಂಟರ್ನ್ ಬಂದ, ಕೋರಂ ತಂದ

ಓದಿದ್ದನ್ನು ಕಣ್ಣಾರೆ ಕಂಡು ಬನ್ನಿ ಎಂದು ಕಾಲೇಜಿನವರು ನಿಮ್ಮನ್ನೂ ಎಲ್ಲಿಗಾದರೂ ಕಳಿಸಿರುತ್ತಾರೆ. ಬ್ಯಾಂಕಿಗೋ, ಆಸ್ಪತ್ರೆಗೋ, ಫ್ಯಾಕ್ಟರಿಗೋ. ಅಲ್ಲಿ ನೀವು ಮುಟ್ಟಿದ್ದು ಕೆಟ್ಟಿರುತ್ತದೆ, ಅದನ್ನು ಸರಿಮಾಡಲು ಹೋಗಿ ಪಕ್ಕದ್ದೂ ಕೆಟ್ಟಿರುತ್ತದೆ, ಕೊನೆಗೆ ‘ತೃಪ್ತಿಕರವಾಗಿ ಕೆಲಸ ಮಾಡಿದ್ದಾರೆ’ ಎಂಬ ಸರ್ಟಿಫಿಕೇಟು ಹಿಡಿದು ತಲೆ ತಗ್ಗಿಸಿ ಬಸ್ಸು ಹತ್ತಿರುತ್ತೀರಿ. ಹಾಗಾಗಿ ನಿಮ್ಮ ಮುಂದೆ ನನಗೇನೂ ಸಂಕೋಚವಿಲ್ಲ. ನನ್ನ ಕೈಗೆ ಸಿಕ್ಕಿದ್ದು ಒಂದು ಇಡೀ ಗ್ರಾಮ ಪಂಚಾಯಿತಿ, ವ್ಯತ್ಯಾಸ ಅಷ್ಟೇ.

2025ರ ಬೇಸಿಗೆ. ಸಾರ್ವಜನಿಕ ಆಡಳಿತದಲ್ಲಿ ಎಂ.ಎ. ಓದುತ್ತಿದ್ದೆ. ಸ್ಥಳೀಯ ಸಂಸ್ಥೆಯಲ್ಲಿ ಇಂಟರ್ನ್‌ಶಿಪ್ ಮಾಡದಿದ್ದರೆ ಅಂಕವಿಲ್ಲ. ನನ್ನ ಗೆಳೆಯರಲ್ಲಿ ಜಾಣರು ಡಿಗ್ರಿ ಮುಗಿದ ಹೊಸತರಲ್ಲೇ ‘ಟ್ಯುಲಿಪ್’ ಯೋಜನೆಯಲ್ಲಿ ಈ ಶಾಸ್ತ್ರ ಮುಗಿಸಿಕೊಂಡಿದ್ದರು. ಕೇಂದ್ರದ ನಗರ ವ್ಯವಹಾರಗಳ ಸಚಿವಾಲಯ ಮತ್ತು ಎಐಸಿಟಿಇ ಸೇರಿ 2020ರ ಜೂನ್‌ನಲ್ಲಿ ಶುರುಮಾಡಿದ ಯೋಜನೆ ಅದು. ಆಗತಾನೆ ಪದವಿ ಪಡೆದವರನ್ನು ನಗರಸಭೆ, ಪಾಲಿಕೆ, ಸ್ಮಾರ್ಟ್ ಸಿಟಿ ಕಚೇರಿಗಳಿಗೆ ಕಳಿಸುತ್ತಿದ್ದರು. ಫ್ಯಾನು, ಮೇಜು, ಅದೃಷ್ಟವಿದ್ದರೆ ಏಸಿ. ಆ ಅರ್ಜಿ ತುಂಬುವ ಕೊನೇ ದಿನ ನಾನು ಮಧ್ಯಾಹ್ನ ಮಲಗಿದವನು ಸಂಜೆ ಎದ್ದಿದ್ದೆ. ನಗರಸಭೆಗಳು ಬಚಾವಾದವು.

ಪಂಚಾಯಿತಿಗೆ ಹೋಗುವ ಮುಂಚೆ ನಾನು ಮಾಡಿಕೊಂಡ ತಯಾರಿಯನ್ನು ಡಿ.ಸಿ. ಆದವರೂ ಚಾರ್ಜು ತಗೊಳ್ಳುವಾಗ ಮಾಡಿಕೊಂಡಿರಲಿಕ್ಕಿಲ್ಲ. ಸಂವಿಧಾನದ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂತು. ನಮ್ಮ ರಾಜ್ಯದ ಪಂಚಾಯತ್ ರಾಜ್ ಕಾಯ್ದೆಯೂ ಅದೇ 1993ರದ್ದು. 400 ಜನಸಂಖ್ಯೆಗೆ ಒಬ್ಬ ಸದಸ್ಯ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಲ್ಯಾಪ್‌ಟಾಪಿನಲ್ಲಿ ಬಣ್ಣಬಣ್ಣದ ನಾಲ್ಕು ಚೌಕ ಬರೆದಿಟ್ಟಿದ್ದೆ: ಪಂಚಾಯಿತಿಯ ಸಾಮರ್ಥ್ಯ, ದೌರ್ಬಲ್ಯ, ಅವಕಾಶ, ಅಪಾಯ. ಊರನ್ನೇ ನೋಡದೆ ಮೂರು ಚೌಕ ತುಂಬಿಸಿದ್ದೂ ಆಗಿತ್ತು. ‘ಅಪಾಯ’ ಮಾತ್ರ ಖಾಲಿ ಇತ್ತು. ಏನು ಬರೆಯಬೇಕೋ ಹೊಳೆದಿರಲಿಲ್ಲ.

ತುಮಕೂರು ಜಿಲ್ಲೆಯ ತೆಂಗಿನ ಸೀಮೆ. ಊರಿನ ಹೆಸರು ಬೇಡ, ಅವರು ಅನುಭವಿಸಿದ್ದೇ ಸಾಕು. ಇಸ್ತ್ರಿ ಮಾಡಿದ ತುಂಬುತೋಳಿನ ಅಂಗಿ, ಕೊರಳಲ್ಲಿ ಕಾಲೇಜಿನ ಗುರುತಿನ ಚೀಟಿ, ಕಂಕುಳಲ್ಲಿ ಫೈಲು. ಬೆಳಿಗ್ಗೆ ಒಂಬತ್ತಕ್ಕೇ ಹೋದೆ. ಕಸ ಗುಡಿಸುತ್ತಿದ್ದ ಅಕ್ಕ ‘ಒಳಗೆ ಕೂತ್ಕಳಿ ಸಾ’ ಎಂದರು. ಒಳಗೆ ಮೂರ್ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಒಂದು ಬೆಂಚು, ಮೇಜಿನ ಹಿಂದೆ ಬಿಳೀ ಟವೆಲು ಹೊದಿಸಿದ್ದ ಮೆತ್ತನೆ ಕುರ್ಚಿ ಒಂದು. ಅತಿಥಿಗೆಂದೇ ಟವೆಲು ಹಾಸಿದ್ದಾರೆ, ಹಳ್ಳಿ ಜನ ಎಷ್ಟಾದರೂ ಮರ್ಯಾದಸ್ತರು ಅಂದುಕೊಂಡು ಅದರಲ್ಲೇ ಒರಗಿದೆ. ಸ್ವಲ್ಪ ಹೊತ್ತಿಗೆ ಹೆಂಗಸೊಬ್ಬರು ಬಂದು ಬಾಗಿಲಲ್ಲಿ ನಿಂತರು. ಕೈಯಲ್ಲಿ ಒಂದು ಕವರು.

‘ಅರ್ಜಿ ತಂದಿದೀರೇನಮ್ಮಾ? ಇನ್ನೂ ಯಾರೂ ಬಂದಿಲ್ಲ, ಹೊರಗೆ ಕೂತಿರಿ’ ಎಂದೆ. ದನಿಯಲ್ಲಿ ಒಂದಿಷ್ಟು ಗತ್ತೂ ಇತ್ತು.

‘ಅರ್ಜಿ ಏನಿಲ್ಲ ಕಣಪ್ಪ. ಒಂದೆರಡು ಬಿಲ್ಲಿಗೆ ಸೈನ್ ಹಾಕದಿತ್ತು. ನೀನು ಕೂತ್ಕಂಡಿದೀಯಲ್ಲ, ಕೂತ್ಕ. ಬೆಂಚ್ ಮೇಲೇ ಹಾಕ್ತೀನಿ.’

ಅಧ್ಯಕ್ಷರು! ಪಂಚಾಯಿತಿಗಳಲ್ಲಿ ಮಹಿಳೆಯರಿಗೆ ಶೇ 50 ಮೀಸಲಾತಿ, 1983ರ ಕಾಯ್ದೆಯಲ್ಲೇ ಕರ್ನಾಟಕ ಶೇ 25 ಕೊಟ್ಟಿತ್ತು ಎಂದೆಲ್ಲ ಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ ಪುಟಗಟ್ಟಲೆ ಬರೆದವನು ನಾನು. ಆ ಮೀಸಲಾತಿ ಸೀರೆ ಉಟ್ಟು ಎದುರಿಗೆ ಬಂದು ನಿಂತರೆ ‘ಹೊರಗೆ ಕೂತಿರಿ’ ಅಂದವನೂ ನಾನೇ. ದಡಕ್ಕನೆ ಎದ್ದೆ. ಎದ್ದ ರಭಸಕ್ಕೆ ಕೊರಳ ದಾರ ಕುರ್ಚಿಯ ಕೈಗೆ ತಗುಲಿಕೊಂಡು ಕುರ್ಚಿಯೂ ನನ್ನ ಜೊತೆ ಎದ್ದಿತು. ಅದನ್ನು ಬಿಡಿಸಿಕೊಳ್ಳಲು ನಾನು ಗಿರಗಿರ ತಿರುಗುತ್ತಿದ್ದರೆ ಅವರು ಟವೆಲು ಸರಿಮಾಡುತ್ತ, ‘ಒಂದಪ ಕೂತ್ರೆ ಬಿಡಕ್ಕೆ ಮನ್ಸು ಬರಲ್ಲ ಅಲ್ವೇನಪ್ಪ’ ಎಂದರು.

ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ ಮೇಡಂ ಬಂದ ಮೇಲೆ ನನ್ನನ್ನು ಎಲ್ಲಿ ಇಡುವುದು ಎಂಬ ಪ್ರಶ್ನೆ ಎದ್ದಿತು. ಕಂಪ್ಯೂಟರ್ ಒಂದೇ, ಅದರಲ್ಲಿ ಡಾಟಾ ಎಂಟ್ರಿ ಅಕ್ಕ ಈ-ಸ್ವತ್ತು ತೆರೆದುಕೊಂಡು ಸರ್ವರ್ ಬರಲೆಂದು ಕಾಯುತ್ತಿದ್ದರು. ‘ಬೀರು ಪಕ್ಕ ಕೂತು ಟಪಾಲು ಎಂಟ್ರಿ ಮಾಡ್ತಿರಿ’ ಎಂದರು ಮೇಡಂ. ಟಪಾಲು ಬಂದದ್ದು ಒಂದೋ ಎರಡೋ. ಬೀರು ಮಾತ್ರ ದೊಡ್ಡದಿತ್ತು. ತೆರೆದು ನೋಡಿದೆ. ಕಡತಗಳ ಕಟ್ಟುಗಳು, ಒಂದಕ್ಕೆ ಕೆಂಪು ಬಟ್ಟೆ, ಇನ್ನೊಂದಕ್ಕೆ ಹಳೇ ಸೀರೆಯ ಅಂಚು, ಮತ್ತೊಂದಕ್ಕೆ ಎಲೆಕ್ಷನ್ ಬ್ಯಾನರಿನ ಹಗ್ಗ. ಕಡತ ನಿರ್ವಹಣೆ ಬಗ್ಗೆ ಒಂದಿಡೀ ಅಧ್ಯಾಯ ಓದಿದವನ ಕೈ ಸುಮ್ಮನಿರುತ್ತದೆಯೇ? ಎಲ್ಲರೂ ಊಟಕ್ಕೆ ಹೋದಾಗ ಶುರುಮಾಡಿದವನು ಸಂಜೆಯ ಹೊತ್ತಿಗೆ ಅಷ್ಟನ್ನೂ ಬಿಚ್ಚಿ, ರಟ್ಟಿನ ಮೇಲೆ ಬರೆದಿದ್ದ ವರ್ಷದ ಪ್ರಕಾರ ಜೋಡಿಸಿ, ಒಂದೇ ಬಣ್ಣದ ದಾರದಲ್ಲಿ ಕಟ್ಟಿ, ಫೋಟೋ ತೆಗೆದು ಕಾಲೇಜಿನ ಗೈಡಿಗೆ ವಾಟ್ಸಾಪ್ ಮಾಡಿದೆ. ಅವರು ಹೆಬ್ಬೆಟ್ಟು ತೋರಿಸಿದರು.

ಮಾರನೇ ದಿನ ತಾಲ್ಲೂಕು ಪಂಚಾಯಿತಿಯಿಂದ ಫೋನು: ವಸತಿ ಯೋಜನೆಯ ಕಡತ ಈಗಲೇ ಬೇಕು. ಬಿಲ್ ಕಲೆಕ್ಟರ್ ಅಣ್ಣ ಬೀರುವಿನ ಮುಂದೆ ನಿಂತು ‘ಕೆಂಪು ಬಟ್ಟೆ ಎಲ್ಲಿ?’ ಎಂದರು. ಆ ಕಟ್ಟುಗಳನ್ನು ಕಣ್ಣುಮುಚ್ಚಿ ತೆಗೆಯಬಲ್ಲ ಮನುಷ್ಯ ಅವರು. ಬಣ್ಣವೇ ಅವರ ಕ್ಯಾಟಲಾಗು. ನಾನು ಹೆಮ್ಮೆಯಿಂದ ‘ಯಾವ ವರ್ಷದ್ದು ಹೇಳಿ ಅಣ್ಣ, ತಕ್ಷಣ ಕೊಡ್ತೀನಿ’ ಎಂದೆ. ಹೇಳಿದರು. ಕೊಟ್ಟೆ. ಒಳಗಿದ್ದದ್ದು ಬೀದಿದೀಪದ ಬಿಲ್ಲು. ಪಕ್ಕದ್ದು ಬಿಚ್ಚಿದೆವು, ಚರಂಡಿ. ಅದರ ಪಕ್ಕದ್ದು, ಜನನ ಪ್ರಮಾಣಪತ್ರ. ಆ ಕಚೇರಿಯಲ್ಲಿ ಹಳೇ ಕಡತದ ರಟ್ಟನ್ನು ಬಿಸಾಡುವುದಿಲ್ಲ, ತಿರುಗಿಸಿ ಹೊಸ ಕಡತಕ್ಕೆ ಹಾಕುತ್ತಾರೆ. ರಟ್ಟಿನ ಮೇಲಿನ ವರ್ಷಕ್ಕೂ ಒಳಗಿನ ಹಾಳೆಗೂ ಸಂಬಂಧವೇ ಇರುವುದಿಲ್ಲ ಎಂಬುದು ನನ್ನ ಪಠ್ಯಪುಸ್ತಕದಲ್ಲಿರಲಿಲ್ಲ. ಅಂದು ಕಚೇರಿಗೆ ಕಚೇರಿಯೇ ನೆಲದ ಮೇಲೆ ಕೂತು ಕಟ್ಟು ಬಿಚ್ಚಿತು. ಸ್ವಂತ ಕೆಲಸಕ್ಕೆ ಬಂದಿದ್ದ ಇಬ್ಬರು ರೈತರೂ ಪಂಚೆ ಮೇಲೆತ್ತಿ ಕೂತು ಸಹಾಯ ಮಾಡಿದರು. ಕಡತ ಸಿಕ್ಕಾಗ ಹೊರಗೆ ಬೀದಿದೀಪ ಹತ್ತಿತ್ತು.

ಮೇಡಂ ಬೈಯಲಿಲ್ಲ. ‘ನಾಳೆಯಿಂದ ಸ್ವಲ್ಪ ಹೊರಗಡೆ ಕೆಲ್ಸನೂ ನೋಡಿ, ಗಾಳಿ ಚೆನ್ನಾಗಿರುತ್ತೆ’ ಎಂದರು.

ಹೊರಗಡೆ ಅಂದರೆ ಕೆರೆ. ನರೇಗಾದಲ್ಲಿ ಹೂಳೆತ್ತುವ ಕೆಲಸ ನಡೆದಿತ್ತು. ಆ ಏಪ್ರಿಲ್‌ನಿಂದ ಕೂಲಿ ದಿನಕ್ಕೆ 370 ರೂಪಾಯಿ ಆಗಿತ್ತು. ಅದು ಖಾತೆಗೆ ಬೀಳಬೇಕಾದರೆ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನದ ಮೇಲೆ ಒಮ್ಮೆ ಕೆಲಸದ ಜಾಗದಲ್ಲೇ ನಿಂತು, ಹಾಜರಿಯ ಎನ್‌ಎಂಎಂಎಸ್ ಆ್ಯಪಿನಲ್ಲಿ ಎಲ್ಲರ ಫೋಟೋ ಹಾಕಬೇಕಿತ್ತು. ಈ ಕೆಲಸ ಮೇಟ್‌ಗಳದ್ದು, ನಮ್ಮಲ್ಲಿ ಅವರನ್ನು ಕಾಯಕಬಂಧು ಅನ್ನುತ್ತಾರೆ. ಅಲ್ಲಿದ್ದ ಕಾಯಕಬಂಧು ಅಕ್ಕ ಸಿಗ್ನಲ್ ಹುಡುಕಿಕೊಂಡು ಏರಿಯ ಮೇಲೆ ಅತ್ತಿಂದಿತ್ತ ಓಡಾಡುತ್ತಿದ್ದರು. ‘ಕೊಡಿ ಅಕ್ಕ, ಮೊಬೈಲು ನಮ್ಮ ಕಾಲದವರಿಗೆ ನೀರು ಕುಡಿದಷ್ಟು ಸುಲಭ’ ಎಂದು ಇಸಕೊಂಡೆ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಗುದ್ದಲಿ ಹಿಡಿಸಿ, ಮದುವೆ ಮನೆ ಫೋಟೋಗ್ರಾಫರಂತೆ ‘ಸ್ವಲ್ಪ ನಗಿ’ ಅಂತಲೂ ಹೇಳಿ ಒತ್ತಿದೆ. ಹೆಬ್ಬೆರಳು ಎಲ್ಲಿ ತಾಗಿತೋ ಏನೋ, ಕ್ಯಾಮೆರಾ ನನ್ನ ಕಡೆಗೇ ತಿರುಗಿತ್ತು. ಉಳಿದೆಲ್ಲ ದಿನ ಗಂಟೆಗಟ್ಟಲೆ ಸುತ್ತುತ್ತಿದ್ದ ಸರ್ವರ್ ಆ ಒಂದು ಫೋಟೋವನ್ನು ಕಣ್ಣು ಮಿಟುಕಿಸುವುದರೊಳಗೆ ಒಪ್ಪಿಕೊಂಡಿತು. ಹಾಜರಿಯಲ್ಲಿದ್ದ ಹೆಸರೆಲ್ಲ ಹೆಂಗಸರದು. ಫೋಟೋದಲ್ಲಿದ್ದದ್ದು ಕನ್ನಡಕ, ಬೆವರು ಮೂಗು, ಅರ್ಧ ಬಾಯಿ ತೆರೆದ ನಾನು.

ಮೇಡಂ ತಾಲ್ಲೂಕಿಗೆ ಫೋನು ಮಾಡಿ, ಪತ್ರ ಬರೆದು ಅದನ್ನು ಸರಿಮಾಡಿಸುವ ಹೊತ್ತಿಗೆ ಸುಸ್ತಾಗಿದ್ದರು. ಕೆರೆಯಲ್ಲಿದ್ದವರು ಮಾತ್ರ ಹೊಟ್ಟೆ ಹುಣ್ಣಾಗುವಂತೆ ನಕ್ಕು, ‘ಬುಡು ಮಗ, ನಿಂಗೂ ಒಂದಿನದ ಕೂಲಿ ಬರ್ತದೆ’ ಎಂದು ಸಮಾಧಾನ ಹೇಳಿದರು. ಪ್ರಾಯಶ್ಚಿತ್ತಕ್ಕೆಂದು ಗುದ್ದಲಿ ಹಿಡಿದೆ. ಎಂಜಿನಿಯರ್ ಅಳತೆಗೆ ಬಂದಾಗ ನಾನು ತೋಡಿದ ಗುಂಡಿ ಟೇಪಿಗೆ ಸಿಕ್ಕಲಿಲ್ಲ. ನನ್ನ ಅಂಗೈಯ ಬೊಬ್ಬೆಗಳು ಬೇಕಾದರೆ ಸಿಗುತ್ತಿದ್ದವು.

ಇಲ್ಲಿಗೆ ನಿಲ್ಲಿಸಿದ್ದರೆ ಪಂಚಾಯಿತಿ ಉಳಿಯುತ್ತಿತ್ತು. ಆದರೆ ನನಗೆ ‘ಸ್ವಂತ ಸಂಪನ್ಮೂಲ ಕ್ರೋಡೀಕರಣ’ದ ಬಗ್ಗೆ ಒಂದು ಅಧ್ಯಾಯ ಬರೆಯಬೇಕಿತ್ತು. ಅಂದರೆ ಮನೆ ಕಂದಾಯ ವಸೂಲಿ. ಬಿಲ್ ಕಲೆಕ್ಟರ್ ಅಣ್ಣನ ಹತ್ತಿರ ಪಟ್ಟಿ, ಪುಸ್ತಕ ಏನಿದ್ದರೂ ನಿಜವಾದ ಲೆಕ್ಕ ತಲೆಯಲ್ಲಿ. ಯಾರು ತಿಪಟೂರು ಮಾರುಕಟ್ಟೆಗೆ ಕೊಬ್ಬರಿ ಹಾಕಿದ್ದಾರೆ, ಯಾರ ಮನೆಯಲ್ಲಿ ಮಗುವಿನ ಸ್ಕೂಲ್ ಫೀಸು ಕಟ್ಟಿದ್ದಾರೆ, ಯಾರಿಗೆ ಹಸು ಸತ್ತಿದೆ; ಎಲ್ಲ ನೋಡಿಕೊಂಡು ಆಯಾ ಮನೆಗೆ ಆಯಾ ವಾರ ಹೋಗುತ್ತಿದ್ದರು. ಇದು ವೈಜ್ಞಾನಿಕವಲ್ಲ ಎಂದು ನನಗನ್ನಿಸಿತು. ‘ಒಂದು ಬೀದಿ ನನಗೆ ಬಿಡಿ ಅಣ್ಣ’ ಎಂದೆ. ಬಿಟ್ಟರು. ಅವರು ಮಾಡಿದ ತಪ್ಪು ಇದೊಂದೇ.

ಮೊದಲ ಮನೆಯ ಅಜ್ಜಿ ಮಜ್ಜಿಗೆ ಕೊಟ್ಟು, ‘ಕಂದಾಯ ಕಟ್ಟಾನ, ನಲ್ಲೀಲಿ ನೀರು ಬಂದು ಎಷ್ಟ್ ದಿನಾತು ಕೇಳು ಮೊದ್ಲು’ ಎಂದರು. ಮಜ್ಜಿಗೆ ಕುಡಿದ ಬಾಯಲ್ಲಿ ಇಲ್ಲ ಅನ್ನುವುದು ಹೇಗೆ? ‘ಬರುತ್ತೆ ಅಜ್ಜಿ, ಗ್ರಾಮಸಭೆ ದಿನಕ್ಕೆಲ್ಲ ಬಂದಿರುತ್ತೆ’ ಎಂದುಬಿಟ್ಟೆ. ಪಕ್ಕದ ಮನೆಯವರು ಕಂಬದ ಬಲ್ಬು ಕೇಳಿದರು. ಆಗುತ್ತೆ ಎಂದೆ. ಅದರಾಚೆ ಚರಂಡಿ, ಅದೂ ಆಗುತ್ತೆ. ವಿಧವಾ ವೇತನ ನಿಂತಿದೆ ಎಂದರು ಒಬ್ಬರು. ಅದು ನಾಡಕಚೇರಿಯ ಬಾಬ್ತು, ಪಂಚಾಯಿತಿಗೆ ಸಂಬಂಧವೇ ಇಲ್ಲ. ಆದರೂ ಬರೆದುಕೊಂಡೆ. ಸುದ್ದಿ ನನಗಿಂತ ಮುಂದೆ ಓಡಿತು. ಮುಂದಿನ ಮನೆಗಳವರು ನಾನು ಬರುವ ಮೊದಲೇ ಜಗುಲಿಯಲ್ಲಿ ಕಾಯುತ್ತಿದ್ದರು. ಮಗನಿಗೆ ಹೆಣ್ಣು ಸಿಗುತ್ತಿಲ್ಲ ಎಂದು ಒಬ್ಬ ತಂದೆ ನಿಟ್ಟುಸಿರು ಬಿಟ್ಟಾಗ ಡೈರಿಯಲ್ಲಿ ಅದಕ್ಕೂ ಒಂದು ಕ್ರಮಸಂಖ್ಯೆ ಕೊಟ್ಟೆ. ಸಂಜೆ ಕಚೇರಿಗೆ ಮರಳಿದಾಗ ನನ್ನ ಬಳಿ ಇದ್ದದ್ದು: ಒಂದು ಚೀಲ ಮಾವಿನಕಾಯಿ, ಒಂದು ಕಂತೆ ನುಗ್ಗೆಕಾಯಿ, ಎಳನೀರು, ತುಂಬಿದ ಡೈರಿ. ಕಂದಾಯ, ಸೊನ್ನೆ.

‘ಏನಂದ್ರಿ ಸಾ ಅವ್ರಿಗೆ?’ ಎಂದು ಅಣ್ಣ ಕೇಳಿದರು.

‘ಆಗುತ್ತೆ ಅಂದೆ.’

‘ಎಲ್ಲಾರ್ಗೂ?’

‘ಎಲ್ಲರಿಗೂ.’

ಅವರು ಪಕ್ಕದಲ್ಲಿದ್ದ ಬೆಂಚಿನ ಮೇಲೆ ಕೂತರು. ‘“ನೋಡಣ” ಅನ್ಬೇಕು ಸಾ,’ ಎಂದರು ಬಹಳ ಹೊತ್ತಿನ ಮೇಲೆ.

ಗ್ರಾಮಸಭೆಗೆ ಮತದಾರರ ಹತ್ತನೇ ಒಂದು ಭಾಗ ಅಥವಾ ನೂರು ಜನ, ಯಾವುದು ಕಡಿಮೆಯೋ ಅಷ್ಟಾದರೂ ಸೇರಬೇಕು, ಇಲ್ಲದಿದ್ದರೆ ಕೋರಂ ಇಲ್ಲ, ಸಭೆ ಮುಂದಕ್ಕೆ. ಅಷ್ಟು ಜನ ಸೇರಿಸುವುದು ಎಂಥ ಪಾಡು ಎಂಬುದು ಆ ಕಚೇರಿಯಲ್ಲಿ ಕೆಲಸ ಮಾಡಿದವರಿಗೇ ಗೊತ್ತು. ಆಟೋದಲ್ಲಿ ಮೈಕು ಕಟ್ಟಿ ಕೂಗಿಸಬೇಕು, ಮನೆಮನೆಗೆ ಹೇಳಬೇಕು, ಅಂಗನವಾಡಿ ಅಕ್ಕಂದಿರನ್ನು ಕಾಡಬೇಕು. ಈ ಸಲ ಅದೇನೂ ಬೇಕಾಗಲಿಲ್ಲ. ಹಿಂದಿನ ದಿನವೇ ಜನ ಕಚೇರಿಗೆ ಬಂದು ‘ನಾಳೆ ಸಭೆ ಗ್ಯಾರಂಟಿ ತಾನೆ? ಆ ಹುಡುಗ ಇರ್ತಾನೆ ತಾನೆ?’ ಎಂದು ಖಾತ್ರಿ ಮಾಡಿಕೊಂಡು ಹೋದರು.

ಅಜ್ಜಿಗೆ ಕೊಟ್ಟ ಮಾತು ಅಂದು ದಿನವಿಡೀ ಕೊರೆಯಿತು. ಬಾಕಿ ಎಲ್ಲ ಬಿಡಿ, ನೀರೊಂದನ್ನಾದರೂ ಕೊಟ್ಟರೆ ಮುಖ ತೋರಿಸಬಹುದು. ಅದೃಷ್ಟವೋ ದುರದೃಷ್ಟವೋ, ನೀರುಗಂಟಿ ಅಣ್ಣ ತಂಗಿಯ ಮನೆ ಗೃಹಪ್ರವೇಶಕ್ಕೆ ಹೊರಟಿದ್ದರು. ‘ನಾನು ಬಿಡ್ತೀನಿ ನೀರು’ ಎಂದು ಅವರ ಹಿಂದೆ ಬಿದ್ದೆ. ಪಾಪ, ಅವರು ನಂಬಿದರು. ಓವರ್‌ಹೆಡ್ ಟ್ಯಾಂಕಿನ ಕೆಳಗಿನ ಗುಂಡಿಯ ಬಳಿ ನಿಂತು, ತಿರುಗಿಸುವ ರಾಡು ನನ್ನ ಕೈಗೆ ಕೊಟ್ಟು, ‘ರಾತ್ರಿ ತ್ರೀ ಫೇಸು ಬರ್ತದೆ, ಟ್ಯಾಂಕು ತುಂಬಿರ್ತದೆ. ಬೆಳಿಗ್ಗೆ ಎಡಗಡೇದು ತಿರುಗ್ಸಿ. ಬಲಗಡೇದು ಮುಟ್ಲೇಬೇಡಿ’ ಎಂದರು. ಅವರು ಟ್ಯಾಂಕಿಗೆ ಮುಖಮಾಡಿ ನಿಂತಿದ್ದರು. ಬೆಳಿಗ್ಗೆ ನಾನು ಟ್ಯಾಂಕಿಗೆ ಬೆನ್ನು ಮಾಡಿ ನಿಂತೆ.

ಬಲಗಡೆಯದು ವಾಷ್‌ಔಟ್. ಟ್ಯಾಂಕು ತೊಳೆಯುವಾಗ ಒಳಗಿನದನ್ನೆಲ್ಲ ಹೊರಕ್ಕೆ ಬಿಡುವ ವಾಲ್ವ್ ಅದು. ಐವತ್ತು ಸಾವಿರ ಲೀಟರಿನ ಟ್ಯಾಂಕು, ಕಂಠಮಟ್ಟ ತುಂಬಿತ್ತು. ಮೊದಲು ಬುಸ್ಸೆಂದಿತು. ನೀರು ಊರ ಕಡೆ ಹೊರಟಿತು ಎಂದು ಸಂತೋಷಪಟ್ಟೆ. ಆಮೇಲೆ ಹಿಂದಿನಿಂದ ಭೋರೆಂಬ ಸದ್ದು. ತಿರುಗಿದರೆ ದಪ್ಪ ಪೈಪಿನಿಂದ ನೀರು ಸ್ಕೂಲ್ ಮೈದಾನಕ್ಕೆ ಬೀಳುತ್ತಿದೆ. ಮೈದಾನದಲ್ಲಿ ಗ್ರಾಮಸಭೆಯ ಶಾಮಿಯಾನ. ನಿಲ್ಲಿಸಬೇಕೆಂದು ರಾಡು ಹಿಡಿದು ಬಲವೆಲ್ಲ ಬಿಟ್ಟು ತಿರುಗಿಸಿದೆ. ಗಾಬರಿಯಲ್ಲಿ ತಿರುಗಿಸಿದ್ದು ಮತ್ತೂ ತೆರೆಯುವ ಕಡೆಗೇ. ತಿರುಗಿಸಿದಷ್ಟೂ ಸದ್ದು ಜಾಸ್ತಿಯಾಯಿತು. ಸದ್ದು ಜಾಸ್ತಿಯಾದಷ್ಟೂ ನಾನು ತಿರುಗಿಸಿದೆ. ಕೊನೆಗೆ ರಾಡು ಕೈಜಾರಿ ಗುಂಡಿಯೊಳಗಿನ ಕೆಸರಿಗೆ ಬಿತ್ತು. ಅದನ್ನು ಎತ್ತಲು ಇಳಿದ ನಾನು ಅದೇ ಇಸ್ತ್ರಿ ಅಂಗಿಯಲ್ಲಿದ್ದೆ.

ಹತ್ತೂವರೆಗೆ ಸಭೆ. ಪಶುಸಂಗೋಪನಾ ಇಲಾಖೆಯಿಂದ ನೋಡಲ್ ಅಧಿಕಾರಿಯಾಗಿ ಬಂದಿದ್ದ ಡಾಕ್ಟರು ಪ್ಯಾಂಟು ಮಡಚಿಕೊಂಡು ಇಳಿದರು. ಕುರ್ಚಿಯ ಕಾಲುಗಳು ನಿಧಾನವಾಗಿ ಭೂಮಿಗಿಳಿಯುತ್ತಿದ್ದವು. ಭಾಷಣ ಮುಂದುವರಿದಂತೆ ವೇದಿಕೆಯ ಗಣ್ಯರು ಗಿಡ್ಡವಾಗುತ್ತ ಹೋದರು. ಜನವೋ, ಶಾಮಿಯಾನದಾಚೆಗೂ ನಿಂತಿದ್ದಾರೆ, ಚಪ್ಪಲಿ ಕೈಯಲ್ಲಿ ಹಿಡಿದು. ಅಧ್ಯಕ್ಷರು ಒಂದು ಕ್ಷಣ ನೋಡಿ, ‘ಎಲ್ಲಾ ಸ್ಕೂಲ್ ಜಗಲಿಗೆ ನಡೀರಿ’ ಎಂದು ಮೈಕಿನಲ್ಲಿ ಹೇಳಿ, ಹಾಜರಿ ಪುಸ್ತಕವನ್ನು ತಾವೇ ಎತ್ತಿಕೊಂಡು ಹೊರಟರು. ನಾನು ಬ್ಯಾನರಿನ ಹಿಂದೆ ಅಡಗಿದ್ದೆ. ಬ್ಯಾನರನ್ನೂ ಬಿಚ್ಚಿ ಜಗಲಿಗೆ ಒಯ್ಯುತ್ತಾರೆಂದು ಊಹಿಸಿರಲಿಲ್ಲ. ಬಿಚ್ಚಿದರು. ಇಡೀ ಊರಿನ ಎದುರು ತಲೆಯಿಂದ ಕಾಲಿನವರೆಗೆ ಕೆಸರಾದ ಆಸಾಮಿಯೊಬ್ಬ ಪ್ರತ್ಯಕ್ಷನಾದ.

ಆಗ ಮಜ್ಜಿಗೆ ಅಜ್ಜಿ ಎದ್ದು ನಿಂತರು. ನನ್ನ ಎದೆ ನಿಂತಿತು. ‘ಆ ಹುಡುಗನ್ನ ಯಾರೂ ಏನೂ ಅನ್ಬ್ಯಾಡಿ. ಸಭೆ ದಿನ ನೀರು ಬರ್ತದೆ ಅಂದಿದ್ದ, ಬಂದೈತೆ. ನಮ್ಮನೆ ತಂಕ ಬಂದಿಲ್ಲ, ಅಷ್ಟೇಯ.’

ಆ ನಗು ಪಕ್ಕದ ಪಂಚಾಯಿತಿಗೂ ಕೇಳಿರಬೇಕು. ಎಂಬತ್ತರ ದಶಕದಲ್ಲಿ ಪಂಚಾಯತ್ ರಾಜ್ ಮಂತ್ರಿಯಾಗಿ ಊರೂರಿಗೆ ಬೋರ್‌ವೆಲ್ ಕೊರೆಸಿದ ಅಬ್ದುಲ್ ನಜೀರ್ ಸಾಬ್ ಅವರನ್ನು ಜನ ‘ನೀರ್ ಸಾಬ್’ ಎಂದು ಕರೆದರು. ಮೈಸೂರಿನಲ್ಲಿ ಪಂಚಾಯಿತಿಯವರಿಗೆ ತರಬೇತಿ ಕೊಡುವ ರಾಜ್ಯ ಸಂಸ್ಥೆಗೆ ಅವರದೇ ಹೆಸರಿದೆ. ಇದ್ದ ನೀರನ್ನೂ ಬಯಲಿಗೆ ಚೆಲ್ಲಿದವನನ್ನು ಏನೆಂದು ಕರೆದರು ಅಂತ ನಾನು ಇಲ್ಲಿ ಬರೆಯುವುದಿಲ್ಲ. ಮನೆಯವರೂ ಇದನ್ನು ಓದುತ್ತಾರೆ.

ರಾತ್ರಿ ಮತ್ತೆ ಕರೆಂಟು ಬರುವ ತನಕ ಊರಿಗೆ ನೀರಿರಲಿಲ್ಲ. ಕೈಪಂಪಿನಿಂದ ಅಜ್ಜಿಯ ಮನೆಗೆ ಕೊಡ ಹೊತ್ತೆ. ಒಂದು ಕೊಡ ಎತ್ತಿಹಾಕಿ ನೆಗ್ಗಿಸಿದ್ದನ್ನು ಇಲ್ಲಿ ವಿಸ್ತರಿಸುವುದಿಲ್ಲ.

ಕಾಲೇಜಿನಲ್ಲಿ ವರದಿ ಒಪ್ಪಿಸುವಾಗ ಗೈಡು ನಾಲ್ಕು ಚೌಕಗಳನ್ನು ನೋಡಿ, ‘ಅಪಾಯ ಅನ್ನೋ ಕಡೆ ನಿನ್ನ ಹೆಸರು ಯಾಕಪ್ಪ ಇದೆ?’ ಎಂದರು. ಸಹಿ ತಪ್ಪಿ ಅಲ್ಲಿಗೆ ಬಿದ್ದಿದೆ ಸಾರ್ ಎಂದೆ. ಪಿಡಿಒ ಮೇಡಂ ಕೊಟ್ಟ ಸರ್ಟಿಫಿಕೇಟಿನಲ್ಲಿ ಒಂದು ಸುಳ್ಳೂ ಇರಲಿಲ್ಲ: ‘ಇವರ ಅವಧಿಯಲ್ಲಿ ಗ್ರಾಮಸಭೆಗೆ ಸಾರ್ವಜನಿಕರು ಅಭೂತಪೂರ್ವ ಸಂಖ್ಯೆಯಲ್ಲಿ ಹಾಜರಾಗಿರುತ್ತಾರೆ.’ ಮುಂದಿನ ಸಾಮಾನ್ಯ ಸಭೆಯ ನಡವಳಿ ಪುಸ್ತಕದಲ್ಲೂ ನನ್ನ ಸೇವೆ ದಾಖಲಾಗಿದೆ, ಹೆಸರಿಲ್ಲದೆ. ಟ್ಯಾಂಕಿನ ವಾಲ್ವ್ ಗುಂಡಿಗೆ ಕಬ್ಬಿಣದ ಮುಚ್ಚಳ ಮಾಡಿಸಿ ಬೀಗ ಹಾಕುವುದು. ಖರ್ಚನ್ನು 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಕುಡಿಯುವ ನೀರಿಗೆಂದು ಮೀಸಲಾದ ಶೇ 30ರಲ್ಲಿ ಭರಿಸುವುದು. ಸರ್ವಾನುಮತದಿಂದ ಅಂಗೀಕಾರ.

ಈ ಬೇಸಿಗೆಯಲ್ಲಿ ನಿಮ್ಮ ಊರಿನ ಪಂಚಾಯಿತಿಗೂ ಇಸ್ತ್ರಿ ಅಂಗಿ ಹಾಕಿಕೊಂಡ ವಿದ್ಯಾರ್ಥಿಯೊಬ್ಬ ಬರಬಹುದು. ಬೈಯಬೇಡಿ, ಮಜ್ಜಿಗೆ ಕೊಡಿ. ರಾಡು ಮಾತ್ರ ಕೊಡಬೇಡಿ.